ಬಾಯಲ್ಲಿ ಮಾಡಿ ತೋರ್ಸಿ

ಇದನ್ನು ಬರೆಯಬೇಕೆಂದುಕೊಂಡು ಮೂರು ವರ್ಷ ದಾಟಿತು. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಹೊಸ ಕನ್ನಡಕ ಬರಲಿ, ಮೊಮ್ಮಗಳ ಪರೀಕ್ಷೆ ಮುಗಿಯಲಿ, ಮೊಣಕಾಲು ನೋವು ಇಳಿಯಲಿ ಅಂತ ಮುಂದಕ್ಕೆ ಹಾಕುತ್ತಾ ಬಂದೆ. ಕಳೆದ ತಿಂಗಳು ಮಾಕಳಿಯಿಂದ ಫೋನ್ ಬಂತು. ಉಸ್ತಾದ್ ಹೋಗಿಬಿಟ್ಟರು ಅಂದರು. ಮಧ್ಯಾಹ್ನ ಊಟ ಮಾಡಿ, ಶೆಡ್ಡಿನ ಹಿಂದಿನ ಮಂಚದ ಮೇಲೆ ಒರಗಿದವರು ಏಳಲಿಲ್ಲವಂತೆ. ಈಗ ಕನ್ನಡಕ ಬಂದಿದೆ, ಪರೀಕ್ಷೆ ಮುಗಿದಿದೆ, ಮೊಣಕಾಲು ನೋವು ಇನ್ನು ಹೋಗುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಬರೆಯದೆ ಇರಲು ಯಾವ ನೆಪವೂ ಉಳಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ನಿನ ಶಬ್ದದಿಂದಲೇ ಕಾಯಿಲೆ ಹೇಳುತ್ತಾರೆ ಅಂತ ಆರ್.ಟಿ. ನಗರದಿಂದ ಯಲಹಂಕದವರೆಗೆ ಹೆಸರು ಮಾಡಿದ್ದ ಆ ಮನುಷ್ಯನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಪೂರ್ತಿ ಕಿವುಡಲ್ಲ. ದಪ್ಪ ಶಬ್ದ ಕೇಳುತ್ತಿತ್ತು, ಸಣ್ಣ ಶಬ್ದ ಕೇಳುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಒಂದು ವರ್ಷಕ್ಕೂ ಮೇಲೆ ನಾನೇ ಅವರ ಕಿವಿಯಾಗಿದ್ದೆ. ಆಮೇಲೆ ಒಂದು ದಿನ ಬೇಕೆಂದೇ ಅವರಿಗೆ ಸುಳ್ಳು ಹೇಳಿದೆ. ಅದರಿಂದ ಒಬ್ಬ ಹೆಂಗಸಿನ ಕೈಯಿಂದ ಕಾರಿನ ಕೀ ಹೋಯಿತು. ನಾನು ಬರೆಯಲು ಕೂತಿರುವುದು ಉಸ್ತಾದರ ಬಗ್ಗೆಯೇ. ಆದರೆ ಆ ಕೀ ವಿಷಯ ಬಿಟ್ಟು ಬರೆದರೆ ಇದು ನನ್ನ ಎರಡನೆಯ ಸುಳ್ಳಾಗುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಯಶವಂತಪುರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ರಿಟೈರಾದ ಮೇಲೆ ಮನೆಯಲ್ಲಿ ಕೂರಲಾಗದೆ ಆರ್.ಟಿ. ನಗರದ ಒಳರಸ್ತೆಯ ಕಾರ್ ಗ್ಯಾರೇಜೊಂದಕ್ಕೆ ಸೇರಿಕೊಂಡೆ. ಕಾರು ತಂದವರ ದೂರು ಕೇಳಿ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗೆ, ಮುದ್ರಿಸಿದ ಹಾಗಿರುತ್ತದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಉಸ್ತಾದ್ ನನ್ನನ್ನು ‘ರೈಟ್ರೇ’ ಅನ್ನುತ್ತಿದ್ದರು, ಖುಷಿಯಲ್ಲಿದ್ದರೆ ‘ರೈಟರ್ ಸಾಬ್’. ನಾನು ಅವರನ್ನು ಎಲ್ಲರ ಹಾಗೆ ಉಸ್ತಾದ್ ಅಂತಲೇ ಕರೆದೆ. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ.

ಗಿಡ್ಡ ಆಳು. ಕತ್ತರಿಸಿ ಒಪ್ಪ ಮಾಡಿದ ಬಿಳಿ ಗಡ್ಡ. ಎಷ್ಟೇ ಸೆಕೆಯಿರಲಿ, ಅಂಗಿಯ ಕತ್ತಿನ ಗುಂಡಿ ಹಾಕಿಯೇ ಇರುತ್ತಿತ್ತು. ಹೆಗಲ ಮೇಲೆ ಎರಡು ಬಟ್ಟೆ: ಎಡಗಡೆಯದು ಇಂಜಿನ್ನಿಗೆ, ಬಲಗಡೆಯದು ಮುಖಕ್ಕೆ. ಎಷ್ಟು ಅವಸರದಲ್ಲೂ ಅವು ಅದಲುಬದಲಾದದ್ದನ್ನು ಕಾಣೆ. ಮಾತಾಡಿಸಿದರೆ ನಿಮ್ಮ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಮೊದಲ ದಿನ ನನ್ನ ಹಲ್ಲಿನಲ್ಲಿ ಸೊಪ್ಪೋ ಏನೋ ಸಿಕ್ಕಿಕೊಂಡಿರಬೇಕು ಅಂದುಕೊಂಡು ಎರಡು ಸಲ ಬಾಯಿ ಮುಕ್ಕಳಿಸಿ ಬಂದೆ.

ಅವರದೊಂದು ಕ್ರಮವಿತ್ತು. ಯಾರು ಕಾರು ತಂದರೂ ಮೊದಲು ಬಾನೆಟ್ ತೆಗೆಯುತ್ತಿರಲಿಲ್ಲ, ಸ್ಟಾರ್ಟ್ ಮಾಡಿ ಅನ್ನುತ್ತಲೂ ಇರಲಿಲ್ಲ. ತಂದವರ ಎದುರಿಗೆ ನಿಂತು, “ಬಾಯಲ್ಲಿ ಮಾಡಿ ತೋರ್ಸಿ” ಅನ್ನುತ್ತಿದ್ದರು.

ಒಮ್ಮೆ ದಪ್ಪ ಮೀಸೆಯ ರಿಟೈರ್ಡ್ ಪೊಲೀಸ್ ಅಧಿಕಾರಿಯೊಬ್ಬರು ಬಂದರು. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ.

“ಕಾರಲ್ಲಿ ಶಬ್ದ ಬರ್ತಿದೆ, ನೋಡ್ರೀ.”

“ಎಂಥಾ ಶಬ್ದ ಸಾರ್?”

“ಶಬ್ದ ಕಣ್ರೀ, ಶಬ್ದ!”

“ಬಾಯಲ್ಲಿ ಮಾಡಿ ತೋರ್ಸಿ ಸಾರ್.”

“ನಾನಾ?”

“ಕಾರು ನಿಮ್ದಲ್ವಾ ಸಾರ್? ನಾನ್ ಮಾಡಿದ್ರೆ ನನ್ ಕಾರಿನ ಶಬ್ದ ಬರುತ್ತೆ.”

ಸಾಹೇಬರು ಹಿಂದೆ ಮುಂದೆ ನೋಡಿದರು. ಮೀಸೆ ಒರೆಸಿಕೊಂಡರು. ಕೊನೆಗೆ ಮೆಲ್ಲಗೆ, “ಟಪ್ ಟಪ್ ಟಪ್” ಅಂದರು.

“ಬೆಳಿಗ್ಗೆ ಜಾಸ್ತಿ, ಬಿಸಿ ಆದ್ಮೇಲೆ ಕಮ್ಮಿ. ಹೌದಾ?”

“ಅರೇ, ಹೆಂಗ್ ಗೊತ್ತಾಯ್ತು?”

ಇಂಜಿನ್ನಿನಿಂದ ಟರ್ಬೋಗೆ ಹೊಗೆ ಹೋಗುವ ಜಾಗದಲ್ಲಿ ಗ್ಯಾಸ್ಕೆಟ್ ಬಿಟ್ಟಿತ್ತು. ಕಬ್ಬಿಣ ಬಿಸಿಯಾಗಿ ಹಿಗ್ಗಿದರೆ ಸಂದು ಮುಚ್ಚಿಕೊಳ್ಳುತ್ತದೆ, ಶಬ್ದ ನಿಲ್ಲುತ್ತದೆ. ಒಳಗೆ ಕೂತಿದ್ದ ಆ ಅಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಮೂವತ್ತು ವರ್ಷದಲ್ಲಿ ಇವ್ರು ಇಷ್ಟ್ ಬಿಡಿಸಿ ಏನನ್ನೂ ಹೇಳಿರ್ಲಿಲ್ಲ ಕಣಪ್ಪ” ಅಂದರು.

ಟರ್ಬೋ ಅಂದರೆ ಏನೆಂದು ನನಗೆ ಹೇಳಿಕೊಟ್ಟವರೂ ಅವರೇ. ಇಂಜಿನ್ ಉಗುಳುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಫ್ಯಾನು ತಿರುಗುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿ ಇನ್ನೊಂದು ಫ್ಯಾನು. ಅದು ಹೊರಗಿನ ಗಾಳಿಯನ್ನು ಅಮುಕಿ ಇಂಜಿನ್ನಿಗೆ ತುಂಬುತ್ತದೆ. ಅಂಗೈಯಲ್ಲಿ ಹಿಡಿಯುವ ಸಾಮಾನು, ತಿರುಗುವ ವೇಗ ಮಾತ್ರ ಕಣ್ಣಿಗೆ ಕಾಣದಷ್ಟು. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಅದು ಹೇಳಿಕೊಳ್ಳಲು ಶುರುಮಾಡುತ್ತದೆ. ಗಾಳಿ ಪೈಪು ಎಲ್ಲಾದರೂ ಸಡಿಲವಾದರೆ ‘ಸುಯ್’ ಅನ್ನುತ್ತದೆ, ಎಳೆಯುವ ಶಕ್ತಿ ತಗ್ಗುತ್ತದೆ. ಅದು ಸಣ್ಣ ಕೆಲಸ, ಕ್ಲಿಪ್ಪು ಬಿಗಿ ಮಾಡಿದರೆ ಆಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ‘ಗಲಗಲ’ ಅಂದರೆ ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಪುಟ್ಟ ಬಾಗಿಲಿನ ಕಡ್ಡಿ ಸವೆದಿದೆ ಅಂತ ಅರ್ಥ. ಅದಕ್ಕೂ ಅವಸರವಿಲ್ಲ. ಆದರೆ ದೂರದ ಸೈರನ್ ಹಾಗೆ ‘ಗುಂಯ್’ ಅಂತ ಏರಿ, ಅದರೊಳಗೆ ‘ಕೆರ್ರ್’ ಅಂತ ಕೆರೆದ ಹಾಗಾದರೆ, ಫ್ಯಾನಿನ ರೆಕ್ಕೆ ಗೂಡಿಗೆ ತಾಗುತ್ತಿದೆ. “ಆ ಶಬ್ದ ಬಂದ್ರೆ ಗಾಡಿ ಹೊರಗೆ ಬಿಡಂಗಿಲ್ಲ ರೈಟ್ರೇ. ಅಲ್ಲೇ ನಿಲ್ಲಿಸ್ಬೇಕು” ಅನ್ನುತ್ತಿದ್ದರು.

ಕಾಯಿಲೆಯಿಲ್ಲದ ಕಾರಿಗೆ ಮದ್ದು ಮಾಡುವವರಲ್ಲ. ಒಬ್ಬ ಹುಡುಗ ಹೊಸ ಕಾರು ತಂದು, “ಆಕ್ಸಿಲರೇಟರ್ ಒತ್ತಿದ್ರೆ ಸಣ್ಣಗೆ ಶಿಳ್ಳೆ ಬರ್ತಿದೆ ಗುರು, ಭಯ ಆಗ್ತಿದೆ” ಅಂದ.

“ಎಳೆಯೋದು ಕಮ್ಮಿ ಆಗಿದ್ಯಾ?”

“ಇಲ್ಲ.”

“ಹೊಗೆ? ಆಯಿಲ್ ಕಮ್ಮಿ ಆಗೋದು?”

“ಏನೂ ಇಲ್ಲ ಗುರು.”

“ಹಂಗಾದ್ರೆ ಅದು ಕಾಯಿಲೆ ಅಲ್ಲ ಮಗಾ. ಕೆಲಸ ಮಾಡೋರು ಹಾಡ್ಕೊಂಡು ಮಾಡಲ್ವಾ? ಹೋಗು, ನೀನೂ ಜೊತೆಗೆ ಹಾಡು.”

ದೂರ ಓಡಿಸಿಕೊಂಡು ಬಂದವರು ತಟ್ಟನೆ ಇಂಜಿನ್ ಆಫ್ ಮಾಡಿದರೆ ಮಾತ್ರ ಅವರಿಗೆ ಸಿಟ್ಟು. “ಓಡಿ ಬಂದೋರ ಮುಂದೆ ನೀರಿನ ಲೋಟ ಕಿತ್ಕೊಂಡಂಗೆ ಮಾಡ್ತೀರಲ್ಲ ಸಾರ್. ಒಂದ್ ನಿಮಿಷ ಉಸಿರಾಡೋಕೆ ಬಿಡಿ ಅದಕ್ಕೆ” ಅನ್ನುವರು. ನಾನು ಈಗಲೂ ಯಾರ ಕಾರಿನಲ್ಲಿ ಹೋದರೂ ಇಳಿಯುವ ಮುಂಚೆ ಈ ಮಾತು ಹೇಳುತ್ತೇನೆ. ಮಗ ತಲೆ ಚಚ್ಚಿಕೊಳ್ಳುತ್ತಾನೆ, ಅವನದು ಟರ್ಬೋ ಕಾರಲ್ಲ.

ಅವರ ಗುಟ್ಟು ನನಗೆ ತಿಳಿದದ್ದು ಕೊರೊನಾ ಕಾಲದಲ್ಲಿ. ಲಾಕ್‌ಡೌನ್ ಸಡಿಲಿಸಿ ಗ್ಯಾರೇಜ್ ಬಾಗಿಲು ತೆಗೆದಾಗ ಎಲ್ಲರ ಮುಖಕ್ಕೂ ಮಾಸ್ಕು. ಮೊದಲನೆಯ ದಿನವೇ ಬಂದ ಒಬ್ಬರಿಗೆ ಉಸ್ತಾದ್ ಎಂದಿನಂತೆ ಬಾಯಲ್ಲಿ ಮಾಡಿ ತೋರಿಸಲು ಹೇಳಿದರು. ಅವರು ಮಾಸ್ಕಿನೊಳಗೇ ಏನೋ ಮಾಡಿದರು. ಉಸ್ತಾದ್ ಇನ್ನೊಮ್ಮೆ ಅಂದರು. ಮತ್ತೊಮ್ಮೆ ಅಂದರು. “ಮಾಸ್ಕ್ ಸ್ವಲ್ಪ ಇಳಿಸ್ತೀರಾ ಸಾರ್?” ಅಂದದ್ದಕ್ಕೆ ಅವರು ಎರಡು ಹೆಜ್ಜೆ ಹಿಂದೆ ಹೋಗಿ, “ನಿಮಗೇನ್ರೀ ತಲೆ ಕೆಟ್ಟಿದ್ಯಾ?” ಅಂತ ರೇಗಿದರು. ಉಸ್ತಾದರ ಮುಖದ ಮೇಲೆ ನಾನು ಅದುವರೆಗೆ ಕಾಣದ ಹೆದರಿಕೆ ಕಂಡಿತು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಬೇರೆ ಭಾಷೆಯಲ್ಲಿ ಬಂದವರ ಮುಖ.

ನಾನು ಮೇಜಿನ ಹಿಂದೆ ದೂರ ಕೂತಿದ್ದೆ. ಬರೆಯುವುದಕ್ಕೆ ಅಂತ ಕೇಳಿಸಿಕೊಂಡಿದ್ದನ್ನು ನನ್ನಷ್ಟಕ್ಕೆ ಹೇಳಿಕೊಂಡೆ, “ಗಲಗಲ ಅಂತೆ.” ನನ್ನ ಮಾಸ್ಕು ಗದ್ದಕ್ಕೆ ಇಳಿದಿತ್ತು. ಉಸ್ತಾದ್ ನನ್ನ ಕಡೆ ತಿರುಗಿದ್ದರು. ಅವರ ಮುಖ ಅರಳಿತು. ನೇರ ಹೋಗಿ ಆ ಪುಟ್ಟ ಬಾಗಿಲಿನ ಕಡ್ಡಿಗೇ ಕೈ ಹಾಕಿದರು.

ಟೀ ಕುಡಿಯುವಾಗ ಕೇಳಿದೆ, “ಉಸ್ತಾದ್, ನಿಮಗೆ ಕಿವಿ…”

“ಮೆಲ್ಲಗೆ ಮಾತಾಡಿ” ಅಂದರು. ಆಮೇಲೆ ತಾವೇ ನಕ್ಕರು. “ನೋಡಿ, ಕಿವಿ ಕೇಳದವನು ಮೆಲ್ಲಗೆ ಮಾತಾಡಿ ಅಂತೀನಿ.”

ಅವರು ಹುಡುಗರಾಗಿದ್ದಾಗಿನಿಂದ ಯಶವಂತಪುರದಲ್ಲಿ ಲಾರಿ ಬಾಡಿ ಕಟ್ಟುವ ಕಡೆ ತಗಡು ಬಡಿದಿದ್ದರು. ವರ್ಷಗಟ್ಟಲೆ ಸುತ್ತಿಗೆಯ ಸದ್ದು. “ಮೊದಲು ಗುಬ್ಬಿ ಹೋಯ್ತು ರೈಟ್ರೇ, ಆಮೇಲೆ ಕುಕ್ಕರ್ ಹೋಯ್ತು. ಅನ್ನ ಸೀದು ಹೋಗುತ್ತೆ, ಬೇಗಂ ಬೈತಾಳೆ. ಅದು ಕೇಳುತ್ತೆ, ಅವಳದು ದಪ್ಪ ಶಬ್ದ. ಹಳೇ ಇಂಜಿನ್ ಎಲ್ಲ ದಪ್ಪ ಶಬ್ದದವು, ಸ್ಕ್ರೂಡ್ರೈವರ್ ಇಟ್ಟು ದವಡೆಗೆ ಒತ್ತಿದ್ರೆ ಎಲುಬಲ್ಲೇ ಗೊತ್ತಾಗೋದು. ಸರಿಯಾಗಿ ನನ್ ಕಿವಿಯಿಂದ ಸಣ್ಣದೆಲ್ಲ ಹೋಗೋ ಟೈಮಿಗೆ ಕಾರಿಗೆ ಟರ್ಬೋ ಬಂತು. ಅದು ಮಾತಾಡೋದೇ ಸಣ್ಣ ಶಬ್ದದಲ್ಲಿ. ಅಲ್ಲಾನ ತಮಾಷೆ ನೋಡಿ!”

ಆಗ ಹುಟ್ಟಿದ್ದು ಬಾಯಲ್ಲಿ ಮಾಡಿಸುವ ಉಪಾಯ. ಅವರು ಶಬ್ದ ಕೇಳುತ್ತಿರಲಿಲ್ಲ, ತುಟಿ ಓದುತ್ತಿದ್ದರು. ‘ಸುಯ್’ ಅಂದರೆ ಮೊದಲು ಹಲ್ಲು ಕಾಣುತ್ತದೆ. ‘ಗುಂಯ್’ ಅಂದರೆ ತುಟಿ ಮೊದಲೇ ಗುಂಡಗಾಗಿ ಮುಂದೆ ಬರುತ್ತದೆ. ‘ಕೆರ್’ ಅಂದರೆ ಬಾಯಿ ಅಡ್ಡಕ್ಕೆ ಹೋಗಿ ಗಂಟಲು ನಡುಗುತ್ತದೆ. ‘ಟಪ್’ ಅಂದರೆ ತುಟಿ ಕೂಡಿಕೊಳ್ಳುತ್ತದೆ. “ಕನ್ನಡದೋರು ಒಳ್ಳೇ ಗಿರಾಕಿಗಳು. ಒಂದೊಂದಕ್ಕೂ ಒಂದೊಂದು ಬಾಯಿ ಮಾಡ್ತಾರೆ. ಇಂಗ್ಲಿಷಲ್ಲಿ ಹೇಳೋರು ‘ಸಮ್ ನಾಯ್ಸ್’ ಅಂದ್ಬಿಡ್ತಾರೆ, ಎಲ್ಲಾ ಕಾರಿಗೂ ಒಂದೇ ಬಾಯಿ” ಅಂದರು.

ಕಿವಿಗೆ ಮಿಷನ್ ಹಾಕಿಕೊಳ್ಳಬಹುದಲ್ಲ ಅಂದೆ. ಹಾಕಿ ನೋಡಿದ್ದರಂತೆ. ಗ್ಯಾರೇಜಿನಲ್ಲಿ ಒಂದು ಸ್ಪ್ಯಾನರ್ ಬಿದ್ದರೂ ತಲೆಯೊಳಗೆ ಗುಡುಗಿದ ಹಾಗಾಗುತ್ತಿತ್ತಂತೆ. ಆಮೇಲೆ ದನಿ ತಗ್ಗಿಸಿ, “ಮಿಷನ್ ಹಾಕ್ಕೊಂಡಿರೋನ ಹತ್ರ ಶಬ್ದ ತೋರ್ಸೋಕೆ ಯಾರ್ ಬರ್ತಾರೆ ಹೇಳಿ? ಯಜಮಾನರು ನನ್ನನ್ನ ಇಟ್ಕೊಂಡಿರೋದೇ ಈ ಕಿವಿಗೆ” ಅಂದರು.

ಅಂದಿನಿಂದ ನಾವಿಬ್ಬರೂ ಒಂದು ಏರ್ಪಾಡು ಮಾಡಿಕೊಂಡೆವು. ಗಿರಾಕಿ ಮಾಸ್ಕಿನೊಳಗೆ ಶಬ್ದ ಮಾಡುತ್ತಾರೆ. ನಾನು ಅವರ ಬೆನ್ನ ಹಿಂದೆ, ಮೇಜಿನಲ್ಲಿ ಮಾಸ್ಕು ಇಳಿಸಿಕೊಂಡು ಬರೆಯುವವನ ಹಾಗೆ ಕೂತು, ಅದೇ ಶಬ್ದವನ್ನು ತುಟಿಯಲ್ಲಿ ಮಾಡುತ್ತೇನೆ. ಉಸ್ತಾದ್ ಓದಿಕೊಳ್ಳುತ್ತಾರೆ. ಒಂದು ವರ್ಷಕ್ಕೂ ಮೇಲೆ ಹೀಗೆ ನಡೆಯಿತು. ನನ್ನ ಬದುಕಿನಲ್ಲಿ ಅಷ್ಟು ಸಂತೋಷವಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಮನೆಯಲ್ಲಿ ಸ್ನಾನ ಮಾಡುವಾಗಲೂ ಗುಂಯ್, ಸುಯ್ ಅಂತ ಅಭ್ಯಾಸ ಮಾಡುತ್ತಿದ್ದೆ. ಹೆಂಡತಿ ಬಾಗಿಲು ಬಡಿದು, “ರೀ, ಗೀಸರ್ ಕೆಟ್ಟಿದ್ಯಾ?” ಅಂತ ಕೇಳುತ್ತಿದ್ದಳು.

ಸಂತೋಷದೊಳಗೆ ಜಂಬ ಯಾವಾಗ ಸೇರಿತು, ನನಗೇ ಗೊತ್ತಾಗಲಿಲ್ಲ. ಯಜಮಾನರು ಗ್ಯಾರೇಜಿಗೆ ಹೊಸ ಬೋರ್ಡ್ ಬರೆಸಿದರು. ಅದರಲ್ಲಿ ಒಂದು ದೊಡ್ಡ ಕಿವಿಯ ಚಿತ್ರ. ಬರೆದವನು ಅದನ್ನು ಸಮೋಸದ ಹಾಗೆ ಬರೆದಿದ್ದ. ಕೆಳಗೆ, ‘ಕಿವಿಯಿಂದಲೇ ಕಾಯಿಲೆ ಪತ್ತೆ’. ಬಂದವರೆಲ್ಲ ಉಸ್ತಾದರ ಕಿವಿಯನ್ನು ಹೊಗಳಿದ್ದೇ ಹೊಗಳಿದ್ದು. ಆ ಕಿವಿ ನಾನು ಅನ್ನುವುದು ನನಗೂ ಅವರಿಗೂ ಮಾತ್ರ ಗೊತ್ತು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ಟೀ ಹೊತ್ತಿನಲ್ಲಿ ಮೆಕ್ಯಾನಿಕ್‌ಗಳೆಲ್ಲ ಸೇರಿದ್ದಾಗ ಉಸ್ತಾದ್ ತಮಾಷೆಗೆ, “ನಮ್ ರೈಟರ್ ಸಾಬ್ ಟರ್ಬೋ ಶಬ್ದ ಮಾಡಿದ್ರೆ ಎಮ್ಮೆ ಆಕಳಿಸಿದಂಗಿರುತ್ತೆ” ಅಂದು, ನನ್ನ ಹಾಗೇ ಬಾಯಿ ಮಾಡಿ ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಸುಟ್ಟುಹೋಯಿತು. ನಾನಿಲ್ಲದಿದ್ದರೆ ಇವನ ಆಟ ಒಂದು ದಿನವೂ ನಡೆಯದು ಅಂದುಕೊಂಡೆ. ಹೌದು, ಮನಸ್ಸಿನೊಳಗೆ ‘ಇವನ’ ಅಂತಲೇ ಅಂದೆ.

ಅದೇ ಮಧ್ಯಾಹ್ನ ಹೆಸರಘಟ್ಟದಿಂದ ಆ ಹೆಂಗಸು ಬಂದರು. ಐವತ್ತರ ಹತ್ತಿರದ ವಯಸ್ಸು. ಮನೆಯಲ್ಲಿ ಹಸುಗಳಿದ್ದವು, ಹೂವಿನ ತೋಟವಿತ್ತು. ಹಳೆಯ ಡೀಸೆಲ್ ಕಾರು, ಟರ್ಬೋ ಇದ್ದದ್ದು. ನಲವತ್ತೈದು ದಾಟಿದ ಮೇಲೆ ಡ್ರೈವಿಂಗ್ ಕಲಿತದ್ದಾಗಿ ಕೇಳದೆಯೇ ಹೇಳಿದರು. ಕೀ ಕೊಡುವಾಗಲೂ ಒಂದು ಕ್ಷಣ ಹಿಡಿದುಕೊಂಡೇ ಕೊಟ್ಟರು. ಮುಂದಿನ ವಾರ ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಹೆಬ್ಬಾಳದ ಆಸ್ಪತ್ರೆಗೆ ತಾವೇ ಕರೆತರಬೇಕು, ಅಷ್ಟರಲ್ಲಿ ಶಬ್ದ ಸರಿಯಾಗಬೇಕು ಅಂದರು.

“ಬಾಯಲ್ಲಿ ಮಾಡಿ ತೋರ್ಸಿ ಅಮ್ಮ.”

“ನೀವು ಇಂಗೆ ಕೇಳ್ತೀರಿ ಅಂತ ನಮ್ಮೂರೋರು ಹೇಳಿದ್ರಣ್ಣ. ಮೂರ್ ದಿನದಿಂದ ಮನೇಲಿ ಕಲೀತಾ ಇವ್ನಿ. ನಮ್ಮ ಯಜಮಾನ್ರು, ಇವಳಿಗೆ ಗಾಳಿ ಮೆಟ್ಕೊಂಡದೆ ಅಂತಾರೆ.” ಮನೆಯಲ್ಲಿ ವಯಸ್ಸಾದ ಅತ್ತೆ ಇರುವುದರಿಂದ ಮಾಸ್ಕು ಮಾತ್ರ ತೆಗೆಯುವುದಿಲ್ಲ ಅಂದರು. ಆಮೇಲೆ ಕಣ್ಣು ಮುಚ್ಚಿ, ಕೈಯಲ್ಲಿ ಸ್ಟಿಯರಿಂಗ್ ಹಿಡಿದವರ ಹಾಗೆ ನಿಂತು, ಮಾಸ್ಕಿನೊಳಗೆ ಆ ಶಬ್ದ ಮಾಡಿದರು. ದೂರದಿಂದ ‘ಗುಂ…ಯ್’ ಅಂತ ಎದ್ದು, ಏರಿ, ಏರಿದ ಕಡೆ ‘ಕೆರ್ರ್’ ಅಂತ ಸಣ್ಣಗೆ ಕೆರೆದು ಇಳಿಯಿತು. ಅಷ್ಟು ಚೆನ್ನಾಗಿ ಮಾಡಿದವರನ್ನು ನಾನು ಗ್ಯಾರೇಜಿನಲ್ಲಿ ಕಂಡಿರಲಿಲ್ಲ. ನನಗೇ ಮೈ ಜುಂ ಅಂದಿತು.

ಉಸ್ತಾದ್ ಆ ಹೆಂಗಸಿನ ಭುಜದ ಮೇಲಿಂದ ನನ್ನ ಬಾಯಿ ನೋಡಿದರು.

ನಾನು ಹಲ್ಲು ತೋರಿಸಿ, ‘ಸುಯ್’ ಅಂದೆ.

ಯಾಕೆ ಅಂದರೆ ಇಷ್ಟೇ: ಒಂದು ಸಲ ತಪ್ಪಲಿ, ನನ್ನ ಬೆಲೆ ಗೊತ್ತಾಗಲಿ. ಹೇಗೂ ಸ್ಕ್ರೂಡ್ರೈವರ್ ಇಟ್ಟು ನೋಡುತ್ತಾರೆ, ನಿಜ ಗೊತ್ತಾಗಿ ಒದ್ದಾಡುತ್ತಾರೆ, ನನ್ನ ಕಡೆ ತಿರುಗುತ್ತಾರೆ ಅಂತ ಲೆಕ್ಕ ಹಾಕಿದ್ದೆ. ಅವರು ತಿರುಗಲಿಲ್ಲ. ನನ್ನ ಬಾಯಿಯ ಮೇಲೆ ಅಷ್ಟು ನಂಬಿಕೆ. ನೇರ ಗಾಳಿ ಪೈಪಿಗೆ ಕೈ ಹಾಕಿದರು. ಹಳೆಯ ಕಾರುಗಳಲ್ಲಿ ಹುಡುಕಿದರೆ ಒಂದಾದರೂ ಕ್ಲಿಪ್ಪು ಸಡಿಲವಿರುತ್ತದೆ, ಇದರಲ್ಲೂ ಇತ್ತು. ಬಿಗಿ ಮಾಡಿದರು. “ಇಷ್ಟೇ ಅಮ್ಮ, ಸಣ್ಣ ಕೆಲಸ” ಅಂದರು. ಜಾಬ್ ಕಾರ್ಡಿನಲ್ಲಿ ನಾನು ದುಂಡಗೆ ಬರೆದೆ: ‘ಸುಯ್ ಶಬ್ದ. ಪೈಪ್ ಕ್ಲಿಪ್ ಬಿಗಿ ಮಾಡಿದೆ.’ ಆಗಲಾದರೂ ಬಾಯಿ ಬಿಡಬಹುದಿತ್ತು. ಆ ಹೆಂಗಸು ಕೈ ಮುಗಿದು ಕಾರು ಹತ್ತಿದರು. ನಾನು ಮುಂದಿನ ಕಾರ್ಡು ತೆಗೆದೆ.

ಆಪರೇಷನ್ನಿನ ದಿನವೇ ಕಾರು ನಿಂತಿತು. ಹೆಸರಘಟ್ಟ ದಾಟಿ ಹುಲ್ಲುಗಾವಲಿನ ಪಕ್ಕದಲ್ಲಿ, ಮರದ ನೆರಳೂ ಇಲ್ಲದ ಕಡೆ. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ ಬಂತಂತೆ. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಕಣ್ಣು ಕಾಣದ ಮುದುಕಿಯನ್ನು ಕೂರಿಸಿಕೊಂಡು ಬಿಸಿಲಿನಲ್ಲಿ ಎರಡು ಗಂಟೆ ಕಾದರು. ಆಸ್ಪತ್ರೆಯವರು ಆಪರೇಷನ್ನನ್ನು ಮುಂದಿನ ತಿಂಗಳಿಗೆ ಹಾಕಿದರು.

ಮರುದಿನ ಕಾರನ್ನು ಎಳೆಸಿಕೊಂಡು ಗಂಡ ಹೆಂಡತಿ ಇಬ್ಬರೂ ಬಂದರು. ಉಸ್ತಾದ್ ಟರ್ಬೋ ಬಿಚ್ಚಿದರು. ಫ್ಯಾನಿನ ರೆಕ್ಕೆಗಳು ಇಲಿ ಕಡಿದ ಹಾಗೆ ತಿಂದುಹೋಗಿದ್ದವು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಆ ದಂಪತಿಗಳ ಎದುರು ಬಂದು, “ತಪ್ಪು ನಂದು. ನಂಗೆ ತಿಳೀಲಿಲ್ಲ” ಅಂದರು.

ಅಷ್ಟಕ್ಕೆ ಮುಗಿಯುತ್ತಿತ್ತು. ನಾನು ಮುಗಿಯಲು ಬಿಡಲಿಲ್ಲ. ಹೆದರಿಕೆಯೋ, ಅಭ್ಯಾಸವೋ, ಜಾಬ್ ಕಾರ್ಡ್ ತೆಗೆದು ಆ ಹೆಂಗಸಿನ ಮುಂದೆ ಹಿಡಿದೆ. “ನೀವು ಅವತ್ತು ಸುಯ್ ಅಂತಲೇ ಮಾಡಿದ್ರಿ ಮೇಡಂ. ನೋಡಿ, ಹಂಗೇ ಬರೆದಿದ್ದೀನಿ. ನೀವು ಸರಿಯಾಗಿ ಮಾಡಿ ತೋರಿಸಿದ್ರೆ ಹಿಂಗಾಗ್ತಿರ್ಲಿಲ್ಲ.”

ಅವರು ಆ ಕಾರ್ಡನ್ನು ಎರಡು ಸಲ ಓದಿದರು. ಅಷ್ಟು ದುಂಡಗಿನ ಅಕ್ಷರದಲ್ಲಿ ಬರೆದದ್ದು ಸುಳ್ಳಿರಬಹುದು ಅಂತ ಅವರಿಗೆ ಹೊಳೆಯಲಿಲ್ಲ.

“ಅಂಗಾದ್ರೆ ನಾನೇ ತಪ್ಪು ಮಾಡಿದ್ನಾ ಅಣ್ಣ?”

ನಾನು ಹೌದೆನ್ನುವಂತೆ ತಲೆ ಆಡಿಸಿದೆ. ಗಂಡ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಮುಂದೆ ಬಂದ. “ನಾನ್ ಎಷ್ಟ್ ದಪ ಏಳಿವ್ನಿ. ಯಾವ ಸದ್ದು ಯಾವ್ದು ಅಂತ ಗೊತ್ತಿಲ್ದೋಳಿಗೆ ಗಾಡಿ ಯಾಕೆ? ಕೊಡು ಇಲ್ಲಿ.” ಅವರ ಮುಷ್ಟಿಯೊಳಗಿದ್ದ ಕೀ ತೆಗೆದುಕೊಂಡ. ಅವರು ಬಿಗಿ ಹಿಡಿಯಲಿಲ್ಲ, ಬಿಟ್ಟುಕೊಟ್ಟರು. ಹತ್ತು ದಿನದ ಮೇಲೆ ಕಾರು ಒಯ್ಯಲು ಬಂದಾಗ ಗಂಡ ಸ್ಟಿಯರಿಂಗ್ ಮುಂದೆ ಕೂತ. ಅವರು ಆ ಕಡೆ ಸುತ್ತಿಕೊಂಡು ಹೋಗಿ ಎಡಗಡೆ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಉಸ್ತಾದರಿಗೆ ನನ್ನ ತುಟಿ ಓದಲು ಬರುತ್ತಿತ್ತು, ಆ ಗಂಡನದೂ ಬರುತ್ತಿತ್ತು. ಇಬ್ಬರ ಮಾತೂ ಅವರಿಗೆ ಗೊತ್ತಾಗಿತ್ತು. ಕೀ ಕೈಬಿಟ್ಟ ದಿನದ ಸಂಜೆಯೇ ಗ್ಯಾರೇಜ್ ಯಜಮಾನರ ಹತ್ತಿರ ಹೋಗಿ ತಮಗೆ ಕಿವಿ ಕೇಳುವುದಿಲ್ಲ ಅಂತ ಹೇಳಿಬಿಟ್ಟರು. ನನ್ನ ಹೆಸರು ಎತ್ತಲಿಲ್ಲ. ಯಜಮಾನರು ಮೊದಲು ನಂಬಲಿಲ್ಲ, ಆಮೇಲೆ ಬೋರ್ಡ್ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡರು. ತಿಂಗಳು ತುಂಬುವುದರೊಳಗೆ ಉಸ್ತಾದ್ ತಮ್ಮ ಸ್ಪ್ಯಾನರ್ ಪೆಟ್ಟಿಗೆ, ಎರಡು ಬಟ್ಟೆ ತೆಗೆದುಕೊಂಡು ಹೊರಟರು. ಹೋಗುವಾಗ ಎಲ್ಲರ ಕೈ ಕುಲುಕಿದರು, ನನ್ನದನ್ನೂ. “ಬರ್ತೀನಿ ರೈಟ್ರೇ” ಅಂದರು.

ಅವರು ಬೀದಿಪಾಲಾಗಿರಬಹುದು ಅಂತ ನಾನು ಬಹಳ ದಿನ ಒದ್ದಾಡಿದೆ. ಕೊನೆಗೆ ಮನಸ್ಸು ತಡೆಯದೆ ವಿಳಾಸ ಹುಡುಕಿಕೊಂಡು ಮಾಕಳಿಗೆ ಹೋದೆ. ನಾಗಸಂದ್ರದವರೆಗೆ ಮೆಟ್ರೋ, ಅಲ್ಲಿಂದ ಬಸ್ಸು. ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ ಶೀಟಿನ ಶೆಡ್ಡು. ಮುಂದೆ ಆರು ಕಾರು ನಿಂತಿದ್ದವು. ಬೋರ್ಡಿನಲ್ಲಿ ಹೀಗೆ ಬರೆದಿತ್ತು: ‘ನನಗೆ ಕಿವಿ ಕೇಳುವುದಿಲ್ಲ. ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಿ. ಮುಖ ನನ್ನ ಕಡೆ ಇರಲಿ.’

ನಾನು ಹೋದಾಗ ಒಂದೇ ಕಾರಿನಲ್ಲಿ ಬಂದ ಮೂವರು ಸಾಲಾಗಿ ನಿಂತು, “ನಿಂದಲ್ಲ ಕಣೋ, ಹಿಂಗೆ ಬರುತ್ತೆ!” “ಲೋ, ನೀನು ನಿದ್ದೆ ಮಾಡ್ತಿದ್ದೆ ಮಚ್ಚಾ!” ಅಂತ ಜಗಳವಾಡುತ್ತಾ ಒಬ್ಬೊಬ್ಬರೂ ಒಂದೊಂದು ಶಬ್ದ ಮಾಡುತ್ತಿದ್ದರು. ಉಸ್ತಾದ್ ಸಂಗೀತ ಪರೀಕ್ಷೆ ಮಾಡುವವರ ಹಾಗೆ ಕೈ ಕಟ್ಟಿ ನೋಡುತ್ತಿದ್ದರು. ಗುಟ್ಟು ಹೋದದ್ದೇ ಒಳ್ಳೆಯದಾಗಿತ್ತು. ಕಿವುಡ ಮೆಕ್ಯಾನಿಕ್ ಅಂತಲೇ ಜನ ಹುಡುಕಿಕೊಂಡು ಬರುತ್ತಿದ್ದರು. ಅವರು ಮೈ ತುಂಬಿಕೊಂಡಿದ್ದರು. ಕತ್ತಿನ ಗುಂಡಿ ಬಿಚ್ಚಿತ್ತು.

ಟೀ ತರಿಸಿದರು. ನಾನು ಲೋಟ ನೋಡುತ್ತಾ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಹೇಳಿದೆ. ಬೇಕಂತಲೇ ಮಾಡಿದೆ, ಹೊಟ್ಟೆಕಿಚ್ಚಿಗೆ ಮಾಡಿದೆ, ನನ್ನನ್ನು ಕ್ಷಮಿಸಬೇಕು ಅಂದೆ. ಮುಗಿಸಿದ ಮೇಲೆ ತಲೆ ಎತ್ತಿ ಅವರ ಕಡೆ ನೋಡಿದೆ.

“ಏನೋ ಹೇಳಿದ್ರಿ. ಲೋಟಕ್ಕೆ ಹೇಳಿದ್ರಿ” ಅಂದರು. “ಮುಖ ಎತ್ತಿ ಹೇಳಿ ರೈಟ್ರೇ.”

ಅದೇ ಮಾತನ್ನು ಒಬ್ಬ ಮನುಷ್ಯನ ಕಣ್ಣೆದುರು, ತುಟಿ ಬಿಡಿಸಿ, ಒಂದೊಂದೇ ಅಕ್ಷರವಾಗಿ ಹೇಳುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಮೂರು ಸಲ ನಿಂತು ನಿಂತು ಹೇಳಿದೆ. ಅವರು ನನ್ನ ಬಾಯಿಯಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತಿತ್ತು” ಅಂದರು. “ರೆಕ್ಕೆ ನೋಡಿದ ತಕ್ಷಣ ಗೊತ್ತಾಯ್ತು. ನಂದೂ ತಪ್ಪಿದೆ. ಪೈಪ್ ಬಿಚ್ಚಿ, ಬೆರಳಲ್ಲಿ ಫ್ಯಾನ್ ಅಲ್ಲಾಡಿಸಿ ನೋಡ್ಬೇಕಿತ್ತು. ನಿಮ್ಮನ್ನ ಎಮ್ಮೆ ಅಂದಿದ್ದೂ ತಪ್ಪು.” ಟೀ ಒಂದು ಗುಟುಕು ಕುಡಿದು, “ಹಂಗೇ ಇತ್ತು ಬಿಡಿ, ಆದ್ರೂ ಅನ್ಬಾರದಿತ್ತು” ಅಂದು ನಕ್ಕರು. ನಾನೂ ನಕ್ಕೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅವರು ಅಲ್ಲಿಗೇ ಬಿಡುವವರಲ್ಲ. “ಆ ಅಮ್ಮಂಗೆ ಹೇಳಿದ್ರಾ?” ಅಂದರು.

ನಾನು ಇಲ್ಲ ಅಂದೆ.

“ನಂಗೇನಾಯ್ತು? ಒಂದ್ ಗ್ಯಾರೇಜ್ ಬಿಟ್ಟೆ, ಇನ್ನೊಂದು ಹಾಕ್ದೆ. ಅವ್ರು ಗಾಡಿ ಓಡ್ಸೋದೇ ಬಿಟ್ರಲ್ಲ. ಮೂರು ದಿನ ಕಲ್ತು ಬಂದಿದ್ರು ರೈಟ್ರೇ. ಅವ್ರು ಮಾಡಿದ ಶಬ್ದ ನಾನು ಕೇಳ್ಲಿಲ್ಲ, ಕಣ್ಣಲ್ಲಿ ನೋಡ್ದೆ. ಎರಡೂ ಕೈ ಸ್ಟಿಯರಿಂಗ್ ಹಿಡಿದಂಗೆ ಹಿಡ್ಕೊಂಡಿದ್ರು. ಅವರಿಗೆ ಹೇಳಿ. ಮುಖ ಎತ್ತಿ ಹೇಳಿ.”

ಆಮೇಲೆ ನಾನು ಮಾಕಳಿಗೆ ಎಷ್ಟೋ ಸಲ ಹೋದೆ. ಅವರ ಶೆಡ್ಡಿನಲ್ಲಿ ಕೂತು ಜನರ ಬಾಯಿ ನೋಡುವುದು ನನಗೆ ಹಬ್ಬವಾಗಿತ್ತು. ಬಕ್ರೀದಿಗೆ ನನಗೋಸ್ಕರ ಬೇರೆ ಪಾತ್ರೆಯಲ್ಲಿ ಶಾವಿಗೆ ಪಾಯಸ ಮಾಡಿಸಿಡುತ್ತಿದ್ದರು. ಪ್ರತಿ ಸಲ ಬಸ್ಸಿಗೆ ಬಿಡಲು ಬಂದಾಗ ಒಂದೇ ಮಾತು: “ಹೆಸರಘಟ್ಟ?” ನಾನು ಮೊಣಕಾಲು ತೋರಿಸುತ್ತಿದ್ದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಅದು ಏನೂ ಹೇಳುತ್ತಿರಲಿಲ್ಲ.

ಒಮ್ಮೆ ಹೋದೆ, ಅದೂ ನಿಜ. ಮನೆ ಸಿಕ್ಕಿತು. ಅಂಗಳದಲ್ಲಿ ಆ ಕಾರು ನಿಂತಿತ್ತು. ಅವರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ನನ್ನ ಗುರುತು ಹಿಡಿಯಲಿಲ್ಲ. “ಯಾರು ಬೇಕಾಗಿತ್ತಣ್ಣ?” ಅಂದರು. ನಾನು ಬಸ್ ಸ್ಟಾಪ್ ಯಾವ ಕಡೆ ಅಂತ ಕೇಳಿದೆ. ಹೊರೆ ಇಳಿಸಿ, ರಸ್ತೆಯವರೆಗೆ ಬಂದು ತೋರಿಸಿದರು. “ಕಾರು ಐತೆ, ಬಿಡೋಣ ಅಂದ್ರೆ ಓಡ್ಸೋರು ಮನೇಲಿಲ್ಲ” ಅಂದರು.

ಉಸ್ತಾದರ ಮಣ್ಣಿಗೆ ಹೋಗಿ ಬಂದ ಮೇಲೆ ಇದನ್ನು ಬರೆಯಲು ಕೂತೆ. ಅವರ ವಿಷಯದಲ್ಲಿ ನನಗೆ ಸಂಕಟವಿಲ್ಲ, ನಮ್ಮಿಬ್ಬರ ನಡುವೆ ಬಾಕಿ ಮಾತಿರಲಿಲ್ಲ. ಒಳ್ಳೆಯ ಮನುಷ್ಯನ ಜೊತೆ ನಕ್ಕು ಕಾಲ ಕಳೆದ ತೃಪ್ತಿಯಿದೆ. ನಾಳೆ ಮಗ ಹೆಸರಘಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ನನ್ನ ಧೈರ್ಯ ನನಗೆ ಗೊತ್ತು. ಮತ್ತೆ ಬಸ್ ಸ್ಟಾಪ್ ಕೇಳಿ ಬಂದರೂ ಬಂದೆನೇ. ಅದಕ್ಕೇ ಮೊದಲು ಇಲ್ಲಿ, ಅದೇ ದುಂಡಗಿನ ಅಕ್ಷರದಲ್ಲಿ ಬರೆದಿಡುತ್ತಿದ್ದೇನೆ. ಅವತ್ತು ಜಾಬ್ ಕಾರ್ಡಿನಲ್ಲಿ ಬರೆದದ್ದು ಸುಳ್ಳು. ನೀವು ಮಾಡಿ ತೋರಿಸಿದ ಶಬ್ದದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ, ಜಯಮ್ಮನವರೇ.